ಪುಕ್ಕಟೆ ಪ್ರಯಾಣದ ಲೆಕ್ಕ

"ವರ್ಷಕ್ಕೆ ಬರೀ ಐನೂರು ರೂಪಾಯಿ ಸಾರ್, ಪ್ರಯಾಣ ಪುಕ್ಕಟೆ" ಎನ್ನುತ್ತಾರೆ ಕ್ರೆಡಿಟ್ ಕಾರ್ಡು ಮಾರುವವರು. ಸಹಿ ಹಾಕುವ ಮುನ್ನ ಪೆನ್ನು ಹಿಡಿದು ಲೆಕ್ಕ ಹಾಕಿ.

500 ರೂಪಾಯಿ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 590 ಆಯಿತು. ಪ್ರತಿ 100 ರೂಪಾಯಿ ಖರ್ಚಿಗೆ ಒಂದು ರೂಪಾಯಿ ಬೆಲೆಯ ಪಾಯಿಂಟ್ ಸಿಗುತ್ತದೆ ಎಂದುಕೊಳ್ಳಿ. 59,000 ರೂಪಾಯಿ ಖರ್ಚಾಗುವವರೆಗೆ ನಿಮಗೆ ಮರಳುವುದು ನೀವೇ ಕೊಟ್ಟ ಹಣ. ಲಾಭವೇನಿದ್ದರೂ ಆಮೇಲೆ.

ಇನ್ನು ನಿಮ್ಮ ಓಡಾಟದ ಮಾತು. ವರ್ಷಕ್ಕೆರಡು ಸಲ ರೈಲಿನಲ್ಲಿ ಊರಿಗೆ ಹೋಗುವವರಿಗೆ ವಿಮಾನದ ಪಾಯಿಂಟ್ ಏಕೆ? ರೈಲು ಪ್ರಯಾಣಿಕರಿಗೆಂದೇ ಕಾರ್ಡುಗಳಿವೆ. ಅವುಗಳಲ್ಲೂ ಹೆಚ್ಚಿನ ಪಾಯಿಂಟ್ ಎ.ಸಿ. ದರ್ಜೆಗೆ ಮಾತ್ರವೇ, ಸ್ಲೀಪರಿಗೂ ಉಂಟೇ ಎಂದು ಕೇಳಿ. ಪಾಯಿಂಟಿನ ಅವಧಿ ಎಷ್ಟು, ಪೆಟ್ರೋಲು, ಮನೆ ಬಾಡಿಗೆಗೂ ಸಿಗುವುದೇ ಎಂದೂ ವಿಚಾರಿಸಿ. ಶುಲ್ಕ ಮಾಫಿಯ ಆಸೆಗೆ ಬೇಡದ್ದನ್ನು ಕೊಂಡರೆ ಅದು ಉಳಿತಾಯವಲ್ಲ.

ಎಲ್ಲಕ್ಕಿಂತ ಮುಖ್ಯ, ಬಿಲ್ಲು. 20,000 ರೂಪಾಯಿ ಬಾಕಿ ಉಳಿದು, ಬಡ್ಡಿ ತಿಂಗಳಿಗೆ ಶೇ 3.5 ಇದ್ದರೆ ಒಂದೇ ತಿಂಗಳಿಗೆ 700 ರೂಪಾಯಿ, ಮೇಲೆ ಜಿಎಸ್‌ಟಿ. 70,000 ಖರ್ಚಿನ ಪಾಯಿಂಟ್ ಅಲ್ಲಿಗೆ ಕರಗಿತು. 'ಕನಿಷ್ಠ ಮೊತ್ತ' ಕಟ್ಟಿದರೆ ದಂಡ ತಪ್ಪೀತು, ಬಡ್ಡಿ ತಪ್ಪದು. ಪ್ರತಿ ತಿಂಗಳೂ ಪೂರ್ತಿ ಕಟ್ಟಲಾಗದವರಿಗೆ ಇಂಥ ಕಾರ್ಡು ಬೇಡವೇ ಬೇಡ.

ಈಗಾಗಲೇ ಇರುವ ಕಾರ್ಡು ಉಪಯೋಗಕ್ಕೆ ಬರುತ್ತಿಲ್ಲವೇ? ಪಾಯಿಂಟ್ ಬಳಸಿ, ಬಾಕಿ ತೀರಿಸಿ, ರದ್ದುಪಡಿಸಲು ಕೇಳಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ 7 ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ. ಕೊಡಬೇಕಾದವರು ನೀವಲ್ಲ, ಬ್ಯಾಂಕಿನವರು.