ಶಂಖಪುಷ್ಪವೂ ಭೌತವಿಜ್ಞಾನವೂ

ನಮ್ಮ ಕಾಲೇಜುಗಳಲ್ಲಿ ನಡೆಯುವ ಪ್ರಯೋಗಗಳಿಗೆ ಒಂದು ವಿಚಿತ್ರ ಗುಣವಿದೆ: ಅವುಗಳ ಫಲ ವಿದ್ಯಾರ್ಥಿಗೆ ಮೊದಲೇ ಗೊತ್ತಿರುತ್ತದೆ. ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವವನು 9.8 ಎಂಬ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಗಡಿಯಾರವನ್ನು ಕೈಗೆತ್ತಿಕೊಳ್ಳುತ್ತಾನೆ. ಉತ್ತರ 9.3 ಬಂದರೆ ತಿದ್ದಲ್ಪಡುವುದು ಪ್ರಯೋಗವಲ್ಲ, ದಾಖಲೆ ಪುಸ್ತಕ. ಈ ಅಭ್ಯಾಸಕ್ಕೆ ಮದ್ದು ಶಂಖಪುಷ್ಪದ ಬೀಜದಲ್ಲಿದೆಯೆಂದರೆ ನನ್ನ ಸಹೋದ್ಯೋಗಿಗಳು ನಕ್ಕಾರು. ಆದರೂ ಹೇಳಬೇಕಾಗಿದೆ.

ಭಟ್ಕಳ, ಹೊನ್ನಾವರ, ಕುಮಟೆಗಳ ಜನಕ್ಕೆ ಹೂಬಳ್ಳಿ ಹೊಸದಲ್ಲ. ಭಟ್ಕಳದ ಮಲ್ಲಿಗೆಯ ಹೆಸರನ್ನು ಕೇಳದವರಾರು? ಆದರೆ ಮಲ್ಲಿಗೆಯನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ. ಅದು ತಾಯಿಗಿಡದ ಪಡಿಯಚ್ಚು. ಹೂ ಮಾರುವವರಿಗೆ ಬೇಕಾದುದೂ ಅದೇ. ಕಲಿಯುವವನಿಗೆ ಬೀಜವೇ ಲೇಸು, ಏಕೆಂದರೆ ಅದು ಏನು ಮಾಡೀತೆಂಬುದು ಬಿತ್ತಿದವನಿಗೆ ಪೂರ್ತಿಯಾಗಿ ತಿಳಿದಿರುವುದಿಲ್ಲ.

ಗಿರಿಕರ್ಣಿಕೆಯೆಂದೂ ಕರೆಯುವ ಶಂಖಪುಷ್ಪದ ಒಣಗಿದ ಕಾಯಿಗಳನ್ನು ಬಿಡಿಸಿ 40 ಬೀಜಗಳನ್ನು ಆರಿಸಿಕೊಳ್ಳಿರಿ. ಅವುಗಳಲ್ಲಿ 20ನ್ನು ಒರಟು ಕಲ್ಲಿನ ಮೇಲೆ, ಒಳಗಿನ ತಿರುಳಿಗೆ ಗಾಯವಾಗದಂತೆ, ಸ್ವಲ್ಪ ಉಜ್ಜಿರಿ. ಉಳಿದವನ್ನು ಹಾಗೆಯೇ ಬಿಡಿರಿ. ಎರಡು ಗುಂಪುಗಳನ್ನೂ ತೂಗಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಸಿ, ಒರಸಿ, ಮತ್ತೆ ತೂಗಿರಿ. ಉಜ್ಜಿದ ಬೀಜಗಳು ಸಾಮಾನ್ಯವಾಗಿ ಉಬ್ಬಿ ತೂಕವೇರುತ್ತವೆ. ಉಳಿದವುಗಳಲ್ಲಿ ಹಲವು ಹರಳಿನಂತೆಯೇ ಇರುತ್ತವೆ. ಬೀಜದ ಹೊರಪೊರೆಯಲ್ಲಿ ಒತ್ತಾಗಿ ನಿಂತ ಕೋಶಗಳ ಸಾಲು ನೀರನ್ನು ಒಳಬಿಡದಿರುವುದೇ ಇದಕ್ಕೆ ಕಾರಣ. ಮೇ ತಿಂಗಳ ಒಂದು ಮಳೆಗೆ ಎಲ್ಲ ಬೀಜಗಳೂ ಮೊಳೆತು, ಮುಂದಿನ ಬಿಸಿಲಿಗೆ ಎಲ್ಲವೂ ಸಾಯುವ ಅಪಾಯ ಇದರಿಂದ ತಪ್ಪುತ್ತದೆ. ಎಷ್ಟು ಬೀಜ ಉಬ್ಬಿದುವು, ತೂಕ ಎಷ್ಟು ಏರಿತು ಎಂಬುದನ್ನು ಯಾವ ಪುಸ್ತಕದಿಂದಲೂ ನಕಲು ಮಾಡಲಾಗದು.

ಬಳ್ಳಿ ಗೇಣುದ್ದವಾದ ಮೇಲೆ ಇನ್ನೂ ಸ್ವಾರಸ್ಯವಿದೆ. ಅದರ ತುದಿ ಆಸರೆಗಾಗಿ ಗಾಳಿಯಲ್ಲಿ ಸುತ್ತು ಹಾಕುತ್ತದೆ. ಅಮೆರಿಕದ ಆಸಾ ಗ್ರೇ ಎಂಬ ಸಸ್ಯವಿಜ್ಞಾನಿಯ 1858ರ ಲೇಖನವನ್ನೋದಿದ ಚಾರ್ಲ್ಸ್ ಡಾರ್ವಿನ್, ಗ್ರೇ ಕಳುಹಿಸಿದ ಬೀಜಗಳಿಂದ ಬಳ್ಳಿ ಬೆಳೆಸಿ, ಈ ಚಲನೆಗೆ ಮರುಳಾದನು. ಹಾಪ್ ಬಳ್ಳಿಯ ತುದಿ ಬೇಸಗೆಯ ಹಗಲಿನಲ್ಲಿ ಸರಾಸರಿ 2 ಗಂಟೆ 8 ನಿಮಿಷಗಳಿಗೊಂದು ಸುತ್ತು ಬರುವುದನ್ನು ಅವನು ಅಳೆದು, 1865ರಲ್ಲಿ ಪ್ರಕಟಿಸಿದನು. ಶಂಖಪುಷ್ಪಕ್ಕೆ ಎಷ್ಟು ಹೊತ್ತು ಬೇಕು? ಕುಂಡವನ್ನು ಕಡಲಗಾಳಿ ತಾಗದ ಜಗಲಿಯಲ್ಲಿಟ್ಟು, ಕಾಲು ಗಂಟೆಗೊಮ್ಮೆ ತುದಿಯ ನೇರಕ್ಕೆ ಕೆಳಗಿನ ಕಾಗದದಲ್ಲಿ ಗುರುತು ಹಾಕಿದರೆ ಉತ್ತರ ದೊರೆಯುತ್ತದೆ.

ಭೂಮಿಯ ಭ್ರಮಣವೇ ಬಳ್ಳಿಗಳನ್ನು ಸುತ್ತಿಸುತ್ತದೆಂಬ ಮಾತನ್ನು ಬಲ್ಲವರೂ ಆಡುವುದುಂಟು. ಲೆಕ್ಕ ಹಾಕೋಣ. ತುದಿ 10 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು 2 ಗಂಟೆಗಳಲ್ಲಿ ಮುಗಿಸಿದರೆ, ಕುಮಟೆಯ ಅಕ್ಷಾಂಶದಲ್ಲಿ ಅದರ ಮೇಲಿನ ಕೊರಿಯಾಲಿಸ್ ಬಲ ಅದರ ತೂಕದ ನೂರು ಕೋಟಿಯಲ್ಲೊಂದು ಅಂಶವೂ ಆಗದು. ಇಷ್ಟು ಬಲ ಬಳ್ಳಿಗೆ ದಾರಿ ತೋರಿಸೀತೆ? 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಭೂಮಧ್ಯರೇಖೆಯ ಎರಡೂ ಕಡೆಯ ಸುತ್ತುಬಳ್ಳಿಗಳಲ್ಲಿ ಸುಮಾರು 92% ಒಂದೇ ದಿಕ್ಕಿಗೆ, ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ, ಸುತ್ತುವುದು ಕಂಡುಬಂದಿತು. ಗೆಣಸಿನ ಡಯಸ್ಕೋರಿಯ ಕುಲದಲ್ಲಂತೂ ಒಂದು ಜಾತಿ ಒಂದು ಕಡೆಗೆ, ಇನ್ನೊಂದು ಅದರ ಎದುರಿಗೆ ಸುತ್ತುತ್ತದೆ. ಭೂಮಿ ಎರಡಕ್ಕೂ ಒಂದೇ!

ಇದು ಸಸ್ಯಶಾಸ್ತ್ರ, ಭೌತಶಾಸ್ತ್ರವಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ತಕ್ಕಡಿ, ಗಡಿಯಾರ, ಕೋನಮಾಪಕಗಳನ್ನು ಬಳಸುವ ಕೆಲಸ ನಮ್ಮದಲ್ಲದೆ ಮತ್ತಾರದು? ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬುದು ನಿಜವಾದ ತೊಡಕು. ವರ್ಷಕ್ಕೆ ಇಂಥದೊಂದು ಪ್ರಯೋಗಕ್ಕಾದರೂ, ಬಂದ ಉತ್ತರವನ್ನು ನೋಡದೆ ಅಳೆದ ಕ್ರಮವನ್ನು ನೋಡಿ ಅಂಕ ಕೊಡಬೇಕೆಂದು ನನ್ನ ಆಗ್ರಹ.

ಬಿತ್ತಲು ಜೂನ್, ಜುಲೈಗಳ ಜಡಿಮಳೆ ಒಳ್ಳೆಯದಲ್ಲ. ಉಜ್ಜಿದ ಬೀಜ ಬೇಗನೆ ಕೊಳೆಯುತ್ತದೆ. ಆಗ ಬಿತ್ತಲೇಬೇಕಾದರೆ ಸೂರಿನಡಿಯ ಕುಂಡದಲ್ಲಿ, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಬೇಕು. ಇಲ್ಲವಾದರೆ ಮಳೆ ಇಳಿಯುವ ಸೆಪ್ಟೆಂಬರಿನವರೆಗೆ ಕಾಯಬಹುದು.