ಪೆಟ್ರೋಲು ಕುಡಿಯುವುದು ಕಾರೋ, ಕಾಲೋ?

ತಿಂಗಳ ಕೊನೆಗೆ ಮನೆಯ ಲೆಕ್ಕದ ಪುಸ್ತಕ ತೆರೆದಾಗ ಹಾಲು, ದಿನಸಿ, ಶಾಲೆಯ ಶುಲ್ಕಗಳ ನಡುವೆ ಪೆಟ್ರೋಲಿನ ಬಾಬು ಎದ್ದು ಕಾಣುವುದು ಅನೇಕ ಸಂಸಾರಗಳ ಅನುಭವ. ‘ಈ ಕಾರು ಬಹಳ ಕುಡಿಯುತ್ತದೆ’ ಎಂದು ಯಜಮಾನರು ನಿಟ್ಟುಸಿರು ಬಿಡುವುದೂ ವಾಡಿಕೆಯೇ. ವಿಚಾರಮಾಡಿ ನೋಡಿದರೆ ತಪ್ಪು ಯಾವಾಗಲೂ ಕಾರಿನದಲ್ಲ. ಅದನ್ನು ನಡೆಸುವವರ ಬಲಗಾಲಿನದು.

ಇದಕ್ಕೆ ಲೆಕ್ಕವುಂಟು. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರಗಳನ್ನು ತಿರುಗಿಸುತ್ತದೆ. ಉಳಿದುದರಲ್ಲಿ ಬಹುಪಾಲು ರೇಡಿಯೇಟರಿನ ಬಿಸಿಯಾಗಿ, ಸೈಲೆನ್ಸರಿನ ಹೊಗೆಯಾಗಿ ಹೊರಟುಹೋಗುತ್ತದೆ. ಒಂದು ಟನ್ ತೂಕದ ಕಾರನ್ನು ನಿಂತಲ್ಲಿಂದ ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ತರಲು ಸುಮಾರು 12 ಮಿಲಿಲೀಟರ್ ಪೆಟ್ರೋಲು ಬೇಕು. ಮಕ್ಕಳಿಗೆ ಔಷಧಿ ಕುಡಿಸುವ ಚಮಚದಲ್ಲಿ ಎರಡು ಚಮಚಕ್ಕಿಂತ ತುಸು ಹೆಚ್ಚು. ಮುಂದಿನ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದೊಡನೆ ಹೀಗೆ ಕೊಂಡ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಇಂತಹ ಎಂಬತ್ತು ನಿಲುಗಡೆಗಳಾದರೆ ಒಂದು ಲೀಟರ್ ಹೋದಂತೆಯೇ. ಆದುದರಿಂದ ದೂರದಲ್ಲಿ ಕೆಂಪು ದೀಪ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲೆತ್ತಿ, ಕಾರು ತಾನಾಗಿ ನಿಧಾನವಾಗಲು ಬಿಡುವುದು ಜಾಣತನ. ಅಷ್ಟರಲ್ಲಿ ದೀಪ ಹಸಿರಾದರೆ ನಿಲ್ಲುವ ಪ್ರಸಂಗವೇ ಬಾರದು. ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದ ಕಡೆ ಎಂಜಿನ್ ಆರಿಸುವುದೂ ಲಾಭವೇ.

ಹೆದ್ದಾರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಶತ್ರು ಗಾಳಿ. ವೇಗ 80ರಿಂದ 100 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ಒಂದೂವರೆಪಟ್ಟಿಗೂ ಮಿಗಿಲಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿಲೋಮೀಟರ್ ದೂರದಲ್ಲಿ ಇದರಿಂದ ಉಳಿಯುವ ಸಮಯ ಹೆಚ್ಚೆಂದರೆ 18 ನಿಮಿಷ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ, ವಿಶಾಲ ರಸ್ತೆಗಳ ನಾಡಾದ ಅಮೆರಿಕವೇ 1974ರಲ್ಲಿ ವೇಗದ ಮಿತಿಯನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ ಇಳಿಸಿತ್ತು.

ಉಳಿತಾಯದ ಹೆಸರಿನಲ್ಲಿ ನಡೆಯುವ ಒಂದು ಅಭ್ಯಾಸ ಮಾತ್ರ ಪ್ರಾಣಕ್ಕೇ ಸಂಚಕಾರ ತರುವಂಥದು. ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳನ್ನು ಇಳಿಯುವಾಗ ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ಹರಿಯಬಿಡುವವರಿದ್ದಾರೆ. ಇದು ಕಾರ್ಬ್ಯುರೇಟರ್ ಕಾಲದಿಂದ ಉಳಿದುಬಂದ ನಂಬಿಕೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲಿನ ಪೂರೈಕೆ ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ಇಳಿಜಾರಿನ ಬಲವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ ಆರದಿರಲೆಂದು ಪೆಟ್ರೋಲು ಉರಿಯುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು, ತಿರುವಿನಲ್ಲಿ ಬೇಕಾದಾಗಲೇ ಕೈಕೊಡಬಹುದು. ಎಂಜಿನ್ನನ್ನೇ ಆರಿಸಿ ಇಳಿಯುವುದು ಇನ್ನೂ ಘೋರ: ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕಿನ ಪೆಡಲು ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿರುವಾಗ ಕೆಲವು ಹನಿಗಳ ಆಸೆಗೆ ಇಂತಹ ಸಾಹಸ ತಕ್ಕುದಲ್ಲ. ಇಳಿಜಾರು ಕಡಿದಾದಷ್ಟೂ ಗೇರು ಕೆಳಗಿರಬೇಕು.

ಉಳಿದವು ಸಣ್ಣ ಮಾತುಗಳು. ಟಯರಿನ ಗಾಳಿಯನ್ನು ಚಕ್ರಗಳು ತಣ್ಣಗಿರುವಾಗ ಪರೀಕ್ಷಿಸಬೇಕು; ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲೇ ಬರೆದಿರುತ್ತದೆ. ಬೇಡದ ಸಾಮಾನು ಡಿಕ್ಕಿಯಲ್ಲಿಯೂ, ಬರಿಯ ಕ್ಯಾರಿಯರ್ ಮಾಡಿನ ಮೇಲೂ ಇರಬಾರದು. ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು.

ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಉರಿದ ಒಂದೊಂದು ಲೀಟರ್ ಪೆಟ್ರೋಲೂ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತದೆ. ಹಾಗಾಗಿ ಮನೆಯ ಉಳಿತಾಯವೇ ನಾಡಿನ ಉಳಿತಾಯವೂ ಹೌದು.

ಫಲ ಕಾಣಬಯಸುವವರಿಗೆ ಸುಲಭವಾದ ಪರೀಕ್ಷೆಯೊಂದುಂಟು. ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರಿನ ಅಂಕಿ ಬರೆದಿಡುವುದು; ಮುಂದಿನ ಸಲ ಪೂರ್ತಿ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರುಗಳಿಂದ ಭಾಗಿಸುವುದು. ಈ ಲೆಕ್ಕವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಗಣಿತದ ಅಭ್ಯಾಸವೂ ಆದೀತು, ಅಪ್ಪ ಅಮ್ಮಂದಿರ ಬಲಗಾಲಿನ ಮೇಲೊಂದು ಕಣ್ಣೂ ಇದ್ದೀತು.