ಎಪ್ಪತ್ತೈದು ತುಂಬಿದ ವಿಶ್ವವಿದ್ಯಾಲಯ: ವಿಸ್ತಾರವೋ ಸತ್ತ್ವವೋ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 2025ನೆಯ ಮಾರ್ಚ್ 1ಕ್ಕೆ ಎಪ್ಪತ್ತೈದು ಸಂವತ್ಸರಗಳು ತುಂಬಿದವು. 1949ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ, 1950ರ ಮಾರ್ಚ್ 1ರಂದು ಶಾಸನಬದ್ಧ ಸ್ಥಾನವನ್ನು ಪಡೆದು, ಅದೇ ವರ್ಷ ಧಾರವಾಡಕ್ಕೆ ಬಂದು ನೆಲೆನಿಂತ ಈ ವಿದ್ಯಾಪೀಠವು ಹುಟ್ಟಿದ್ದು ಪರಸ್ಥಳದಲ್ಲಿ ಎಂಬುದೇ ಅಂದಿನ ಕನ್ನಡ ನಾಡಿನ ಸ್ಥಿತಿಯನ್ನು ಸಾರುತ್ತದೆ. ಹಳೆಯ ಮೈಸೂರಿನವರಿಗೆ 1916ರಲ್ಲಿಯೇ ತಮ್ಮದೆಂಬ ವಿಶ್ವವಿದ್ಯಾಲಯವಿತ್ತು. ಮುಂಬಯಿ ಕರ್ನಾಟಕದ ಹುಡುಗನು ಅದಾದ ಮೂರು ದಶಕಗಳ ಮೇಲೂ ಮುಂಬಯಿ ವಿಶ್ವವಿದ್ಯಾಲಯದ ಪದವಿಗಾಗಿಯೇ ಕಾದಿರಬೇಕಾಗಿತ್ತು.

ಆ ಕಾಯುವಿಕೆಯ ಕಾಲದಲ್ಲಿ ನಾಡಿನವರು ಕೈಕಟ್ಟಿ ಕುಳಿತಿರಲಿಲ್ಲ. 1883ರಲ್ಲಿ ಅರಟಾಳ ರುದ್ರಗೌಡರೇ ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ತಲೆಯೆತ್ತಿತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡವರ ಮಕ್ಕಳಿಗೆ ಲೆಕ್ಕವಿಲ್ಲ. ರೋಣ ತಾಲೂಕಿನ ಪಾಲೂ ಇದರಲ್ಲಿ ಕಡಿಮೆಯದಲ್ಲ. ಆಲೂರು ವೆಂಕಟರಾಯರ ಮನೆತನದ ಮೂಲ ಇಲ್ಲಿಯ ಹೊಳೆಆಲೂರು. ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಜಕ್ಕಲಿ. ಬೆಳವಣಕಿಯ ಎರೆಭೂಮಿಯ ಒಕ್ಕಲಿಗನಿಗೆ ವಿಶ್ವವಿದ್ಯಾಲಯವು ದೂರದ ಮಾತೆಂದು ಯಾರಾದರೂ ತಿಳಿದರೆ ಅವರು ಈ ಸೀಮೆಯ ಚರಿತ್ರೆಯನ್ನು ಓದಿಲ್ಲವೆಂದೇ ಅರ್ಥ.

ಸಂಸ್ಥೆಯ ನಿಜವಾದ ಬೆಳವಣಿಗೆಯು ಡಾ. ಡಿ. ಸಿ. ಪಾವಟೆಯವರ ಕಾಲದ್ದು. ಗೋಕಾಕ ಸೀಮೆಯ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಓದಿ ರ್‍ಯಾಂಗ್ಲರ್ ಎನಿಸಿಕೊಂಡಿದ್ದ ಅವರು 1954ರಿಂದ 1967ರ ವರೆಗೆ ಕುಲಪತಿಗಳಾಗಿದ್ದರು. ಛೋಟಾ ಮಹಾಬಳೇಶ್ವರವೆಂದು ಕರೆಯಲ್ಪಡುತ್ತಿದ್ದ ಗುಡ್ಡದ ಮೇಲೆ ಇಂದು ಕಾಣುವ ಭವ್ಯ ಸೌಧವನ್ನು ಕಂಡವರು ಪಾವಟೆಯವರನ್ನು ಕಟ್ಟಡಗಳ ಕುಲಪತಿಯೆಂದು ಹೊಗಳುವುದುಂಟು. ಆ ಹೊಗಳಿಕೆ ಅರ್ಧ ಸತ್ಯ. ಕಲ್ಲನ್ನು ನಿಲ್ಲಿಸಿದಷ್ಟೇ ಶ್ರದ್ಧೆಯಿಂದ ಅವರ ಕಾಲದಲ್ಲಿ ವಿದ್ವಾಂಸರನ್ನೂ ನಿಲ್ಲಿಸಲಾಯಿತು. ಊರೂರು ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಸಿದ ಫ. ಗು. ಹಳಕಟ್ಟಿಯವರಿಗೆ 1956ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟದ್ದು ಈ ವಿಶ್ವವಿದ್ಯಾಲಯವೇ. ರೋಣ ತಾಲೂಕಿನ ಕುರಡಗಿಯಲ್ಲಿ ಹುಟ್ಟಿದ ಆರ್. ಸಿ. ಹಿರೇಮಠರು ಇಲ್ಲಿಯ ಕನ್ನಡ ಅಧ್ಯಯನಪೀಠವನ್ನು ಬೆಳೆಸಿ, ಶರಣರ ವಚನಗಳನ್ನು ಪಾಠಾಂತರಗಳೊಡನೆ ಸಂಪಾದಿಸಿ ಪ್ರಕಟಿಸಿದರು. ಮುಂದೆ ಕುಲಪತಿಗಳೂ ಆದರು. ಅದೇ ಪರಂಪರೆಯಲ್ಲಿ ಬಂದ ಎಂ. ಎಂ. ಕಲಬುರ್ಗಿಯವರ ಹೆಸರಿಲ್ಲದೆ ಇಂದು ವಚನಗಳ ಪಾಠವಿಮರ್ಶೆಯ ಮಾತನ್ನೇ ಎತ್ತುವಂತಿಲ್ಲ. ಒಂದು ಓಲೆಯನ್ನು ಇನ್ನೊಂದರೊಡನೆ ಹೋಲಿಸಿ, ಲಿಪಿಕಾರನ ಸ್ಖಾಲಿತ್ಯ ಯಾವುದು, ಮೂಲಪಾಠ ಯಾವುದು ಎಂದು ನಿರ್ಣಯಿಸುವ ಈ ಕಾರ್ಯಕ್ಕೆ ಚಪ್ಪಾಳೆ ಬೀಳುವುದಿಲ್ಲ, ವಾರ್ಷಿಕ ವರದಿಯಲ್ಲಿ ಅದು ಒಂದು ಸಾಲನ್ನೂ ತುಂಬಲಾರದು. ಆದರೂ ಧಾರವಾಡದ ಹೆಸರು ಹೊರನಾಡಿನ ವಿದ್ವಾಂಸರ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಈ ಕಾರ್ಯದಿಂದ.

ತರುವಾಯದ ಕಥೆ ವಿಭಜನೆಯದು. 1980ರಲ್ಲಿ ಕಲಬುರ್ಗಿ, 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, ಇತ್ತೀಚೆಗೆ ಹಾವೇರಿ, ಹೀಗೆ ಒಂದೊಂದಾಗಿ ಸೀಮೆಗಳು ಬೇರೆಯಾದವು. ಮೊದಲಿನ ವಿಭಜನೆಗಳಿಗೆ ನ್ಯಾಯವಿತ್ತು. ಬೀದರಿನ ಬಡ ವಿದ್ಯಾರ್ಥಿಯು ಒಂದು ಪ್ರಮಾಣಪತ್ರಕ್ಕಾಗಿ ಧಾರವಾಡದ ವರೆಗೆ ಬರಬೇಕೆಂಬುದು ಯಾವ ಧರ್ಮ? ಹೆಣ್ಣುಮಕ್ಕಳನ್ನು ದೂರ ಕಳುಹಿಸಲೊಲ್ಲದ ಮನೆತನಗಳಿಗೆ ಸಮೀಪದ ವಿದ್ಯಾಪೀಠವು ವರವೇ ಆಯಿತು. ಆದರೆ ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂಬ ಉತ್ಸಾಹವು ಎಲ್ಲಿಗೆ ಮುಟ್ಟಿತೆಂಬುದನ್ನು 2025ರಲ್ಲಿ ನಾಡು ಕಂಡಿತು. ಇತ್ತೀಚೆಗೆ ಸ್ಥಾಪನೆಯಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರವನ್ನು ಸರಕಾರದ ಸಂಪುಟ ಉಪಸಮಿತಿಯೇ ಮುಂದಿಟ್ಟಿತು. ಹಾವೇರಿಯದೂ ಅವುಗಳಲ್ಲೊಂದು. ಹಣವಿಲ್ಲವೆಂಬುದು ಕಾರಣ. ಕಣಗಳನ್ನು ಹೆಚ್ಚಿಸಿದ ಮಾತ್ರಕ್ಕೆ ರಾಶಿ ಹೆಚ್ಚುವುದಿಲ್ಲವೆಂಬುದು ಬಿಳಿಜೋಳ ಬೆಳೆಯುವ ಯಾವ ರೈತನಿಗೆ ತಿಳಿಯದು?

ಮುಂದಿನ ಯೋಜನೆಗಳ ಮಾತು ಈಗ ಎಲ್ಲೆಡೆ ಕೇಳಿಬರುತ್ತಿರುವುದು ಸಹಜ. ಹೊಸ ವಿಭಾಗ, ಹೊಸ ಭವನ, ಹೊಸ ಯಂತ್ರಗಳು ಬೇಡವೆನ್ನಲು ಕಾರಣವಿಲ್ಲ. ಕೇಳಬೇಕಾದದ್ದು ಅನುಕ್ರಮ ಯಾವುದೆಂದು. ಅಧ್ಯಾಪಕರು ನಿವೃತ್ತರಾದ ಸ್ಥಾನಗಳು ವರ್ಷಗಟ್ಟಲೆ ತೆರವಾಗಿಯೇ ಉಳಿದು, ಅತಿಥಿ ಉಪನ್ಯಾಸಕರಿಂದ ಪಾಠ ನಡೆಯಿಸುವ ಪದ್ಧತಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲೆಲ್ಲ ಬೇರೂರಿದೆ. ಆ ತರುಣರ ವಿದ್ವತ್ತಿಗೆ ಇದು ದೂಷಣೆಯಲ್ಲ. ಮುಂದಿನ ವರ್ಷ ತಾನಿರುವೆನೋ ಇಲ್ಲವೋ ಎಂದು ಅರಿಯದವನು ಹತ್ತು ವರ್ಷ ಬೇಡುವ ಗ್ರಂಥಸಂಪಾದನೆಗೆ ಕೈಹಚ್ಚುವುದೆಂತು? ಗುರುವಿನ ಬಳಿ ಕುಳಿತು ಹಳೆಯ ಲಿಪಿಯನ್ನು ಓದಲು ಕಲಿಯುವ ಶಿಷ್ಯನೊಬ್ಬನಿಲ್ಲದೆ ಒಂದು ತಲೆಮಾರು ಸಂದುಹೋದರೆ, ಓಲೆಗಳು ಉಳಿದರೂ ಓದುವವರು ಉಳಿಯರು. ಛಾಯಾಚಿತ್ರ ತೆಗೆದು ಯಂತ್ರದಲ್ಲಿಟ್ಟರೆ ಸಾಕೆಂದು ವಾದಿಸುವವರಿಗೆ ಇಷ್ಟೇ ಉತ್ತರ: ಯಂತ್ರವು ಓಲೆಯನ್ನು ಕಾಯಬಲ್ಲದು, ಎರಡು ಪಾಠಗಳಲ್ಲಿ ಒಂದನ್ನು ಒಪ್ಪುವ ಹೊಣೆಯನ್ನು ಹೊರಲಾರದು.

ಆದುದರಿಂದ ಅಮೃತ ಮಹೋತ್ಸವದ ನೆನಪಿಗೆಂದು ಕೂಡಿಬರುವ ಹಣದಲ್ಲಿ ಮೊದಲ ಪಾಲು ಖಾಯಂ ಅಧ್ಯಾಪಕರಿಗೂ, ಎರಡನೆಯದು ಹಳ್ಳಿಯ ವಿದ್ಯಾರ್ಥಿಗಳ ವಸತಿಗೂ, ಮೂರನೆಯದು ಹಸ್ತಪ್ರತಿ ಹಾಗೂ ಪ್ರಕಟಣೆಗಳಿಗೂ ಸಲ್ಲಬೇಕು; ಸಭಾಭವನ ಆಮೇಲೆ. ದಾನಿಗಳೂ ಈ ದಿಕ್ಕಿನಲ್ಲಿ ಆಲೋಚಿಸಬಹುದು. ಗೋಡೆಯ ಮೇಲಿನ ಶಿಲಾಫಲಕಕ್ಕೆ ಕೊಡುವಷ್ಟೇ ಹಣದಿಂದ ಕನ್ನಡ ಎಂ.ಎ. ಓದುವ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಊಟ ವಸತಿ ಸಾಗೀತು. ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಮನೆಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟುಗಳು ಇನ್ನೂ ಇದ್ದರೆ ಅವುಗಳನ್ನು ಪೂಜಿಸಿ ಮತ್ತೆ ಕಟ್ಟಿಡುವುದರ ಬದಲು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ತೋರಿಸುವುದು ಹಳೆಯ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ. ಮುಂದಿನ ಮಳೆಗಾಲಕ್ಕೆ ಮುಂಚೆ ಅದಾದರೆ ಒಳ್ಳೆಯದು. ಗೆದ್ದಲಿಗೆ ಅಮೃತ ಮಹೋತ್ಸವದ ಗೊಡವೆಯಿಲ್ಲ.